ಬಾಸ್ಕೆಟ್‌ಬಾಲ್: ಅಂಡರ್ 16 ಹುಡುಗ್ರಿಗೆ ತ್ರೀ ಪಾಯಿಂಟರ್ ಕಲಿಸ್ಲಾ, ಮಿಡ್‌ರೇಂಜ್ ಕಲಿಸ್ಲಾ? ಅಮೆರಿಕದ ಎನ್‌ಬಿಎ ಲೀಗಿನ ಲೆಕ್ಕ ನಮ್ಮ ಕೋರ್ಟಿಗೆ ಹಿಡಿಯುತ್ತಾ?

ಮೈಸೂರು ಪಾಯಿಂಟ್ ಗಾರ್ಡ್:

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಒಂದು ಕ್ಲಬ್‌ನಲ್ಲಿ ಸಂಜೆ ಹೊತ್ತು ಅಂಡರ್ 16 ಹುಡುಗ್ರ ಕೋಚಿಂಗ್‌ಗೆ ಹೆಲ್ಪ್ ಮಾಡ್ತೀನಿ. ಇತ್ತೀಚೆಗೆ ಏನಾಗಿದೆ ಅಂದ್ರೆ ಹುಡುಗ್ರು ಕೋರ್ಟಿಗೆ ಇಳಿದಿದ್ದೇ ತಡ ಸೀದಾ ಆರ್ಕ್ (ಮೂರು ಪಾಯಿಂಟಿನ ಗೆರೆ) ಹೊರಗೆ ಹೋಗಿ ತ್ರೀ ಎಸಿಯೋಕೆ ಶುರು, ವಾರ್ಮಪ್ಪಲ್ಲೂ ಅದೇ ಮ್ಯಾಚಲ್ಲೂ ಅದೇ, ಫಾಸ್ಟ್ ಬ್ರೇಕಲ್ಲಿ ಎದುರಿಗೆ ಒಬ್ಬ ಡಿಫೆಂಡರ್ ಇಲ್ದೇ ಇದ್ರೂ ಲೇಅಪ್ (ರಿಂಗ್ ಹತ್ರ ಓಡಿ ಹೋಗಿ ಹಾಕೋ ಶಾಟು) ಬಿಟ್ಟು ಆರ್ಕ್ ಹತ್ರ ನಿಂತ್ಬಿಡ್ತಾರೆ. ನಮ್ಮ ಹಿರಿಯ ಕೋಚ್ ಸರ್‌ಗೆ ಇದು ಕಂಡ್ರೆ ಆಗಲ್ಲ. ಮೊದ್ಲು ಲೇಅಪ್, ಆಮೇಲೆ ಫ್ರೀ ಥ್ರೋ, ಆಮೇಲೆ ಎಲ್ಬೋ (ಫ್ರೀ ಥ್ರೋ ಲೈನಿನ ತುದಿ) ಇಂದ ಜಂಪ್ ಶಾಟ್, ತ್ರೀ ಎಲ್ಲ ಕಾಲೇಜಿಗೆ ಹೋದ್ಮೇಲೆ ನೋಡ್ಕೊಳ್ಳಿ ಅಂತಾರೆ.

ಮೊನ್ನೆ ಒಬ್ಬ ಹುಡುಗ ನನ್ನ ಹತ್ರ ಬಂದು ಸರ್ ಎನ್‌ಬಿಎನಲ್ಲಿ ಮಿಡ್‌ರೇಂಜ್ (ರಿಂಗಿಗೂ ಆರ್ಕಿಗೂ ಮಧ್ಯದಿಂದ ಹೊಡಿಯೋ ಎರಡು ಪಾಯಿಂಟಿನ ಶಾಟು) ಅಂದ್ರೆ ವರ್ಸ್ಟ್ ಶಾಟು, ಯಾವ ಟೀಮೂ ಹೊಡಿಯಲ್ಲ, ನಮಗ್ಯಾಕೆ ಅದನ್ನೇ ಮಾಡಿಸ್ತೀರಾ ಅಂತ ಕೇಳ್ದ. ಒಳ್ಳೇ ಪ್ರಶ್ನೇನೇ. ಇಬ್ರೂ ಹೇಳೋದ್ರಲ್ಲಿ ಏನೋ ಸತ್ಯ ಇದೆ ಅನ್ಸುತ್ತೆ. ಜಿಲ್ಲಾ ಮಟ್ಟದ ಟೂರ್ನಮೆಂಟ್ ಬೇರೆ ಹತ್ರ ಬರ್ತಿದೆ, ಪ್ರಾಕ್ಟೀಸ್ ಟೈಮ್ ಕಮ್ಮಿ, ಇರೋ ಟೈಮನ್ನ ಯಾವುದಕ್ಕೆ ಕೊಡೋದು ಅಂತ ಡಿಸೈಡ್ ಮಾಡ್ಬೇಕು. ಆಡಿದವ್ರು, ಕೋಚಿಂಗ್ ಮಾಡೋರು, ಸ್ಟ್ಯಾಟ್ಸ್ ನೋಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಲೆಕ್ಕದ ಬಾಲ್:

ಸರ್, ಆ ಹುಡುಗ ಹೇಳಿದ್ದು ಎನ್‌ಬಿಎ ಮಟ್ಟಿಗೆ ಹೆಚ್ಚುಕಮ್ಮಿ ಸರಿ, ಆದ್ರೆ ಯಾಕೆ ಸರಿ ಅಂತ ಗೊತ್ತಾದ್ರೆ ನಿಮ್ಮ ಕೋರ್ಟಿಗೆ ಅದು ಯಾಕೆ ಹಾಗೇ ಬರಲ್ಲ ಅನ್ನೋದೂ ಗೊತ್ತಾಗುತ್ತೆ, ಸ್ವಲ್ಪ ಉದ್ದ ಬರೀತೀನಿ ಓದಿ.

ಈಗ ಎನ್‌ಬಿಎನಲ್ಲಿ ತ್ರೀ ಬೀಳೋದು 36% ಆಸುಪಾಸು. ಅಂದ್ರೆ ನೂರು ಎಸೆದ್ರೆ 108 ಪಾಯಿಂಟು, ಒಂದು ಶಾಟಿಗೆ 1.08. ಮಿಡ್‌ರೇಂಜ್ ಬೀಳೋದು 41-42% ಅಂತಿಟ್ಕೊಳ್ಳಿ, ಒಂದು ಶಾಟಿಗೆ 0.83 ಹತ್ರ. ರಿಂಗ್ ಕೆಳಗೆ ಲೇಅಪ್ಪು ಡಂಕು ಎಲ್ಲ ಸೇರಿ 65% ಹತ್ರ ಬೀಳುತ್ತೆ, 1.3. ಎರಡು ಫ್ರೀ ಥ್ರೋ ಸಿಕ್ಕಿದ್ರೆ 1.5 ಮೇಲೆ. ತ್ರೀನಲ್ಲಿ ಮೂರಕ್ಕೆ ಒಂದು ಹಾಕೋನೂ ಮಿಡ್‌ರೇಂಜಲ್ಲಿ ಎರಡಕ್ಕೆ ಒಂದು ಹಾಕೋನೂ ಲೆಕ್ಕದಲ್ಲಿ ಸಮ, ಆದ್ರೆ ಮಿಡ್‌ರೇಂಜಲ್ಲಿ 50% ಹೊಡಿಯೋರು ಇಡೀ ಲೀಗಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಜನ, ತ್ರೀನಲ್ಲಿ 33% ದಾಟೋರು ಪ್ರತೀ ಟೀಮಲ್ಲೂ ಐದಾರು ಜನ ಇರ್ತಾರೆ. ಅದಕ್ಕೇ 2017-18ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಇಡೀ ಸೀಸನ್ನಲ್ಲಿ ಟೂಗಿಂತ ತ್ರೀನೇ ಜಾಸ್ತಿ ಎಸೆದ್ರು, ಅದಕ್ಕೂ ಮುಂಚೆ ಯಾವ ಟೀಮೂ ಹಂಗೆ ಮಾಡಿರ್ಲಿಲ್ಲ, ಆ ವರ್ಷ 65 ಮ್ಯಾಚ್ ಗೆದ್ರು.

ಈಗ ಮುಖ್ಯವಾದ ವಿಷಯ. ಎನ್‌ಬಿಎಗೆ ತ್ರೀ ಲೈನ್ ಬಂದಿದ್ದು 1979-80ರಲ್ಲಿ. ಆ ಸೀಸನ್ನಲ್ಲಿ ಒಂದು ಟೀಮು ಒಂದು ಮ್ಯಾಚಿಗೆ ಮೂರು ತ್ರೀನೂ ಎಸೀತಿರ್ಲಿಲ್ಲ, ಎಸೆದಿದ್ರಲ್ಲಿ ಬೀಳ್ತಿದ್ದಿದ್ದು 28%. ಲೆಕ್ಕ ಹಾಕಿ, 0.84 ಪಾಯಿಂಟು, ಅಂದ್ರೆ ಆಗ ತ್ರೀನೇ ಕೆಟ್ಟ ಶಾಟು! ಆ ಕಾಲದ ಕೋಚ್‌ಗಳು ಹೊಡೀಬೇಡ ಅಂತಿದ್ದಿದ್ದು ದಡ್ಡತನ ಅಲ್ಲ, ಅವ್ರ ಆಟಗಾರರ ಪರ್ಸೆಂಟೇಜಿಗೆ ಅದೇ ಸರಿಯಾದ ಲೆಕ್ಕ. ಚಿಕ್ಕಂದಿನಿಂದ ಲೈನ್ ನೋಡ್ಕೊಂಡು ಬೆಳೆದ ಹುಡುಗ್ರು ಲೀಗಿಗೆ ಬಂದ್ಮೇಲೆ ಪರ್ಸೆಂಟೇಜು 35, 36ಕ್ಕೆ ಏರ್ತು, ಆಗ ಶಾಟಿನ ಬೆಲೆನೂ ಏರ್ತು. 2024-25ರಲ್ಲಿ ಒಂದು ಟೀಮು ಮ್ಯಾಚಿಗೆ ಸರಾಸರಿ 37 ತ್ರೀ ಮೇಲೆ ಎಸೀತಿತ್ತು.

ನಿಮ್ಮ 15 ವರ್ಷದ ಹುಡುಗ್ರು ಇನ್ನೂ 1979ರಲ್ಲೇ ಇದಾರೆ ಸರ್. ಮ್ಯಾಚಲ್ಲಿ ಡಿಫೆಂಡರ್ ಎದುರಿಗಿದ್ದಾಗ ಒಬ್ಬ ಹುಡುಗ ಐದಕ್ಕೆ ಒಂದು ತ್ರೀ ಹಾಕ್ತಾನೆ ಅಂದ್ಕೊಳ್ಳಿ, 0.6. ಅದೇ ಹುಡುಗ ಫ್ರೀ ಥ್ರೋ ಲೈನ್ ಹತ್ರದಿಂದ ಮೂರಕ್ಕೆ ಒಂದು ಹಾಕಿದ್ರೂ 0.67. ಅವನಿಗೆ ಮಿಡ್‌ರೇಂಜೇ ಒಳ್ಳೇ ಶಾಟು. ಇವೆರಡಕ್ಕಿಂತ ಲೇಅಪ್ಪು ಎಷ್ಟೋ ಮೇಲು ಅದು ಬೇರೆ ಮಾತು, ಆ ಫಾಸ್ಟ್ ಬ್ರೇಕ್ ತ್ರೀ ಮಾತ್ರ ಇವತ್ತೇ ನಿಲ್ಸಿ.

ಎಲ್ಬೋ ಜಂಪರ್:

ಬೆಂಗಳೂರಲ್ಲಿ ಕಾಲೇಜು, ಆಮೇಲೆ ಕ್ಲಬ್ಬು ಅಂತ ಬಹಳ ವರ್ಷ ಆಡಿದೀನಿ, ಈಗ ಮಂಡಿ ಬಿಡಲ್ಲ ಅಂತ ಬರೀ ನೋಡ್ತೀನಿ. ಲೆಕ್ಕದ ಬಾಲ್ ಅವ್ರ ಅಂಕಿಅಂಶಕ್ಕೆ ನನ್ನ ತಕರಾರಿಲ್ಲ. ಆದ್ರೆ ಸರಾಸರಿ ಅನ್ನೋದು ಎದುರಿಗಿರೋ ಡಿಫೆನ್ಸ್ ಏನು ಮಾಡ್ತಿದೆ ಅಂತ ಹೇಳಲ್ಲ, ಅಲ್ಲೇ ನನಗೆ ಸಮಸ್ಯೆ.

ತ್ರೀನೂ ಲೇಅಪ್ಪೂ ಒಳ್ಳೇ ಶಾಟು ಅಂತ ನಿಮಗೆ ಗೊತ್ತಿರೋ ಹಂಗೇ ಎದುರಾಳಿಗೂ ಗೊತ್ತು. ಪಿಕ್ ಅಂಡ್ ರೋಲ್ ತಗೊಳ್ಳಿ. ಬಾಲ್ ಇರೋ ಗಾರ್ಡ್ ಸ್ಕ್ರೀನ್ (ಡಿಫೆಂಡರಿಗೆ ಅಡ್ಡ ನಿಂತಿರೋ ತನ್ನ ಟೀಮಿನವನು) ದಾಟಿ ಬರ್ತಾನೆ, ಅವನ ಡಿಫೆಂಡರ್ ತ್ರೀ ಹೊಡಿಯೋಕೆ ಬಿಡಬಾರದು ಅಂತ ಹಿಂದಿಂದ ಅಂಟ್ಕೊಂಡು ಬರ್ತಾನೆ, ಎದುರಾಳಿ ಸೆಂಟರು ಲೇಅಪ್ ಬಿಡಬಾರದು ಅಂತ ರಿಂಗ್ ಹತ್ರ ಹಿಂದಕ್ಕೆ ಸರಿದು ನಿಂತಿರ್ತಾನೆ. ಇವರಿಬ್ಬರ ಮಧ್ಯೆ ಖಾಲಿ ಬಿದ್ದಿರೋ ಜಾಗ ಯಾವುದು? ಎಲ್ಬೋ, ಫ್ರೀ ಥ್ರೋ ಲೈನು. ಬೇಕಂತಲೇ ಬಿಟ್ಟಿರ್ತಾರೆ. ಅಲ್ಲಿ ನಿಂತು ಹಾಕೋಕೆ ಬರಲ್ಲ ಅಂದ್ರೆ ಆ ಡಿಫೆನ್ಸು ಇಡೀ ರಾತ್ರಿ ಹಂಗೇ ಕೂತಿರುತ್ತೆ, ನಿಮಗೆ ತ್ರೀನೂ ಇಲ್ಲ ಲೇಅಪ್ಪೂ ಇಲ್ಲ. ಅಲ್ಲಿಂದ ಎರಡು ಮೂರು ಸಲ ಹಾಕಿ ನೋಡಿ, ಸೆಂಟರು ಮುಂದಕ್ಕೆ ಬರ್ಲೇಬೇಕು, ಆಗ ಅವನ ಹಿಂದೆ ಲಾಬ್ ಪಾಸಿಗೆ (ತಲೆ ಮೇಲಿಂದ ಎತ್ತಿ ಹಾಕೋ ಪಾಸು) ಜಾಗ ತಾನಾಗೇ ತೆರ್ಕೊಳ್ಳುತ್ತೆ. ಮಿಡ್‌ರೇಂಜ್ ಶಾಟಿನ ಬೆಲೆ ಆ ಎರಡು ಪಾಯಿಂಟಲ್ಲಿ ಮಾತ್ರ ಇಲ್ಲ, ಬೇರೆಯವರ ಲೇಅಪ್ಪಲ್ಲೂ ಕಾರ್ನರ್ ತ್ರೀನಲ್ಲೂ ಸೇರ್ಕೊಂಡಿರುತ್ತೆ, ಎಲ್ಲಿಂದ ಎಷ್ಟು ಬಿತ್ತು ಅಂತ ತೋರಿಸೋ ಶಾಟ್ ಚಾರ್ಟಲ್ಲಿ ಅದು ಕಾಣಲ್ಲ.

ರಾಕೆಟ್ಸ್ ಹೆಸರು ಹೇಳಿದ್ರಿ, ಅದರ ಮುಂದಿನ ಕಥೆನೂ ಹೇಳ್ಬೇಕಲ್ವಾ. 2018ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್, ವಾರಿಯರ್ಸ್ ಮೇಲೆ ಏಳನೇ ಮ್ಯಾಚು, ಹಾಫ್ ಟೈಮಿಗೆ 54-43 ಮುಂದಿದ್ರು. ಆ ಮ್ಯಾಚಲ್ಲಿ 44 ತ್ರೀ ಎಸೆದು ಏಳು ಹಾಕಿದ್ರು, ಸತತವಾಗಿ 27 ಮಿಸ್ಸು. ಸೋತ್ರು. ಜನ ಆ 27 ಮಾತ್ರ ನೆನಪಿಟ್ಕೊಂಡಿದಾರೆ, ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಆ ಟೀಮಲ್ಲಿ ಎಲ್ಬೋ ಇಂದ ಕಣ್ಣು ಮುಚ್ಕೊಂಡು ಹಾಕೋ ಒಬ್ಬ ಆಟಗಾರ ಇದ್ದ, ಕ್ರಿಸ್ ಪಾಲ್. ಐದನೇ ಮ್ಯಾಚಿನ ಕೊನೇಲಿ ಹ್ಯಾಮ್‌ಸ್ಟ್ರಿಂಗ್ ಎಳ್ಕೊಂಡು ಆರು ಏಳು ಎರಡೂ ಮ್ಯಾಚು ಸೂಟ್ ಹಾಕ್ಕೊಂಡು ಬೆಂಚಲ್ಲಿ ಕೂತಿದ್ದ. ತ್ರೀ ಬೀಳದೇ ಇದ್ದಾಗ ನಿಧಾನ ಮಾಡಿ ಒಂದು ಸುಲಭದ ಎರಡು ಪಾಯಿಂಟ್ ತಂದು ಆಟ ಹಿಡಿದು ನಿಲ್ಸೋ ಮನುಷ್ಯನೇ ಇರ್ಲಿಲ್ಲ.

2019ರಲ್ಲಿ ಕವಾಯ್ ಲೆನಾರ್ಡ್ ಫಿಲಡೆಲ್ಫಿಯಾ ಮೇಲೆ ಏಳನೇ ಮ್ಯಾಚಲ್ಲಿ ಕೊನೇ ಸೆಕೆಂಡಿಗೆ ಹಾಕಿದ್ನಲ್ಲ, ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿದ್ದ ಶಾಟು, 90-90 ಇದ್ದಿದ್ದು 92-90 ಆಯ್ತು, ಅದು ಎರಡು ಪಾಯಿಂಟಿನ ಜಂಪ್ ಶಾಟು. 2021ರ ಫೈನಲಲ್ಲಿ ಫೀನಿಕ್ಸ್ ಕಡೆ ಪಾಲ್, ಬುಕರ್, ಮಿಲ್ವಾಕೀ ಕಡೆ ಮಿಡಲ್‌ಟನ್, ಮೂರೂ ಜನ ಮಿಡ್‌ರೇಂಜಲ್ಲೇ ಬದುಕಿದವ್ರು. 2025ರಲ್ಲಿ ಒಕ್ಲಹೋಮಾ ಕಪ್ ಗೆದ್ದಾಗ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ), ಸ್ಕೋರಿಂಗ್ ಟೈಟಲ್, ಫೈನಲ್ಸ್ ಎಂವಿಪಿ ಮೂರೂ ತಗೊಂಡ ಶೇ ಗಿಲ್ಜಸ್ ಅಲೆಕ್ಸಾಂಡರ್ ಆಟ ಆ ಹುಡುಗನಿಗೆ ತೋರ್ಸಿ, ಎಷ್ಟು ಸಲ ಒಳಗೆ ನುಗ್ಗಿ ತಟ್ಟಂತ ನಿಂತು ಹತ್ತು ಹದಿನೈದು ಅಡಿಯಿಂದ ಹಾಕ್ತಾನೆ ಅಂತ ಅವನೇ ಎಣಿಸ್ಲಿ. ಅದೇ ವರ್ಷ ಬಾಸ್ಟನ್ನು ನ್ಯೂಯಾರ್ಕ್ ಮೇಲೆ ಮೊದಲ ಮ್ಯಾಚಲ್ಲಿ 60 ತ್ರೀ ಎಸೆದು 45 ಮಿಸ್ ಮಾಡಿ, 20 ಪಾಯಿಂಟ್ ಲೀಡ್ ಕಳ್ಕೊಂಡು ಓವರ್‌ಟೈಮಲ್ಲಿ ಸೋತ್ರು.

ಲೆಕ್ಕದ ಬಾಲ್:

ಎಲ್ಬೋ ಸರ್, ಡಿಫೆನ್ಸ್ ಬಿಟ್ಟಿದ್ದನ್ನ ತಗೋಬೇಕು ಅನ್ನೋದು ನೂರಕ್ಕೆ ನೂರು ಒಪ್ತೀನಿ. ಆದ್ರೆ ಒಂದೊಂದು ಮ್ಯಾಚ್ ಎತ್ಕೊಂಡು ತೋರಿಸೋದು ಒಪ್ಪಲ್ಲ. ಅದೇ ಬಾಸ್ಟನ್ ಹಿಂದಿನ ವರ್ಷ, 2024ರಲ್ಲಿ, ಅದೇ ತರ ತ್ರೀ ಸುರಿದು ಚಾಂಪಿಯನ್ ಆಗಿದ್ರು. ಇನ್ನೊಂದು, ನೀವು ಹೇಳಿದ ಹೆಸರೆಲ್ಲ ನೋಡಿ, ಪಾಲ್, ಕವಾಯ್, ಬುಕರ್, ಶೇ. ಇವ್ರೆಲ್ಲ ಮಿಡ್‌ರೇಂಜಲ್ಲಿ 45, 50% ಹಾಕೋ ಜನ, ಅವ್ರಿಗೆ ಆ ಶಾಟು 0.9, 1.0 ಪಾಯಿಂಟಿನ ಶಾಟು. ಕೆಟ್ಟ ಶಾಟು ಯಾವುದು ಅಂದ್ರೆ ಟೀಮಿನ ಉಳಿದ ಏಳೆಂಟು ಜನ ಲೈನಿಗೆ ಒಂದು ಹೆಜ್ಜೆ ಒಳಗೆ ನಿಂತು, ಇಲ್ಲಾ ಕಾಲು ಲೈನ್ ಮೇಲೆ ಇಟ್ಕೊಂಡು ಹೊಡಿಯೋ ಲಾಂಗ್ ಟೂ. ದೂರ ತ್ರೀಯಷ್ಟೇ, ಸಿಗೋದು ಎರಡು. ಎನ್‌ಬಿಎನಲ್ಲಿ ಸತ್ತಿದ್ದು ಮುಖ್ಯವಾಗಿ ಆ ಶಾಟು, ಸಾಯ್ಬೇಕಾಗಿದ್ದೂ ಅದೇ. ಎಂಟು ಅಡಿಯ ಫ್ಲೋಟರನ್ನೂ ಇಪ್ಪತ್ತೊಂದು ಅಡಿಯ ಜಂಪರನ್ನೂ ಒಂದೇ ಹೆಸರಿಂದ ಕರೆದು ಜಗಳ ಆಡೋದ್ರಿಂದ ಹುಡುಗ್ರಿಗೆ ಕನ್ಫ್ಯೂಸ್ ಆಗುತ್ತೆ.

ಧಾರವಾಡ ಹೂಪ್ಸ್:

ನಮಸ್ಕಾರ್ರಿ. ನಾ ಧಾರವಾಡದಾಗ ಹುಡುಗ್ಯಾರ ಟೀಮ್‌ಗೆ ಕೋಚಿಂಗ್ ಮಾಡ್ತೀನಿ. ನೀವೆಲ್ಲಾ ಎನ್‌ಬಿಎ ಎನ್‌ಬಿಎ ಅಂತೀರಿ, ನಮ್ಮ ಮಕ್ಕಳಿಗೆ ಹತ್ತಿರ ಆಗೂ ಉದಾಹರಣಿ ಜಪಾನ್ ಹೆಣ್ಣುಮಕ್ಕಳ ಟೀಮ್ ಐತ್ರಿ. 2017ರಾಗ ಏಷ್ಯಾ ಕಪ್ ನಮ್ಮ ಬೆಂಗಳೂರಾಗ ಕಂಠೀರವಾ ಸ್ಟೇಡಿಯಂನಾಗ ಆತಲ್ರಿ, ಫೈನಲ್‌ನಾಗ ಆಸ್ಟ್ರೇಲಿಯಾನ್ನ 74-73 ಒಂದ ಪಾಯಿಂಟ್‌ಲೆ ಸೋಲಿಸಿದ್ರು. ಅದ ಟೂರ್ನಮೆಂಟ್‌ನಾಗ ಡಿವಿಷನ್ ಬಿ ಒಳಗ ನಮ್ಮ ಇಂಡಿಯಾ ಹುಡುಗ್ಯಾರು ಕಜಕಿಸ್ತಾನ್ ಮ್ಯಾಲೆ 75-73 ಗೆದ್ದದ್ದನ್ನೂ ಮರೀಬ್ಯಾಡ್ರಿ, ಅಗದೀ ಹೆಮ್ಮಿ ಪಡೂ ಮ್ಯಾಚ್ ಅದು.

ಜಪಾನ್‌ನವರು ಎತ್ತರದಾಗ ಭಾಳ ಕಮ್ಮಿ. ಕೋಚ್ ಟಾಮ್ ಹೋವಾಸ್ ಏನ್ ಮಾಡಿದ್ರು ಅಂದ್ರ, ಎತ್ತರದವರ ಜೋಡಿ ಪೇಂಟ್‌ನಾಗ (ರಿಂಗ್ ಕೆಳಗಿನ ಜಾಗಾ) ಗುದ್ದಾಡೂದ ಬ್ಯಾಡ ಅಂತ ಐದೂ ಮಂದಿನ್ನ ಹೊರಗ ಹರವಿ, ಸೆಂಟರ್ ಆಡೂ ತಕಾದಾ ಕಡಿಂದನೂ ತ್ರೀ ಹೊಡಿಸಿದ್ರು. ಟೋಕಿಯೋ ಒಲಿಂಪಿಕ್ಸ್‌ಗೆ ಅವರ ಟೀಮಿನ ಎತ್ತರದ ಆಟಗಾರ್ತಿ ತೊಕಾಶಿಕಿ ಮಂಡಿ ಗಾಯದಿಂದ ಬರ್ಲಿಕ್ಕೆ ಆಗ್ಲಿಲ್ಲ, ಆದ್ರೂ ಕ್ವಾರ್ಟರ್ ಫೈನಲ್‌ನಾಗ ಬೆಲ್ಜಿಯಂ ಮ್ಯಾಲೆ ಕಡೀ ಸೆಕೆಂಡುಗಳೊಳಗ ಹಯಾಶಿ ಹೊಡದ ತ್ರೀಲೆ 86-85 ಗೆದ್ದು, ಮುಂದ ಫ್ರಾನ್ಸ್ ಸೋಲಿಸಿ, ಬೆಳ್ಳಿ ತಗೊಂಡ್ರು.

ಆದ್ರ ಒಂದ ಮಾತು ಲಕ್ಷ್ಯ ಕೊಟ್ಟು ಕೇಳ್ರಿ. ಆ ಫ್ರಾನ್ಸ್ ಮ್ಯಾಚ್‌ನಾಗ ಪಾಯಿಂಟ್ ಗಾರ್ಡ್ ಮಾಚಿದಾ ಕೊಟ್ಟ ಅಸಿಸ್ಟ್ (ಬಾಸ್ಕೆಟ್ ಆಗೂ ಪಾಸ್) 18, ಒಲಿಂಪಿಕ್ಸ್ ದಾಖಲೆ ಅದು. ಅವರ ತ್ರೀ ಬಂದದ್ದು ಪಾಸ್‌ನಿಂದ್ರಿ. ಒಬ್ಬಾಕಿ ಒಳಗ ನುಗ್ಗತಾಳ, ಡಿಫೆನ್ಸ್ ಒಳಗ ಎಳಕೊಂಡ ಮ್ಯಾಲೆ ಹೊರಗ ಒಗೀತಾಳ, ಮುಂದಿನಾಕಿ ಕಾಲು ಸಜ್ಜು ಮಾಡ್ಕೊಂಡು ನಿಂತಿರ್ತಾಳ. ನಮ್ಮ ಮಕ್ಕಳು ಮೊಬೈಲ್‌ನಾಗ ನೋಡಿ ಕಲಿಯೂದು ಹತ್ತು ಸಲ ಡ್ರಿಬಲ್ ಮಾಡಿ, ಹಿಂದಕ್ಕ ಹಾರಿ, ಕೈ ಮುಖದ ಮ್ಯಾಲಿದ್ದಾಗ ಹೊಡಿಯೂ ಸ್ಟೆಪ್ ಬ್ಯಾಕ್ ತ್ರೀ. ಎರಡಕ್ಕೂ ಮೂರ ಪಾಯಿಂಟ್ ಇರಬಹುದು, ಆದ್ರ ಎರಡೂ ಒಂದ ಶಾಟ್ ಅಲ್ರಿ. ನನ್ನ ಟೀಮ್‌ನಾಗ ನಿಯಮ ಹಿಂಗ ಐತಿ: ಪಾಸ್ ಒಳಗ ಹೋಗಿ ಹೊರಗ ಬಂದ ಮ್ಯಾಲೆ, ಕಾಲು ನೆಟ್ಟಗಿದ್ರ, ಎದುರಿಗೆ ಯಾರೂ ಇಲ್ಲದಿದ್ರ ತ್ರೀ ಹೊಡೀಬಹುದು, ತಪ್ಪಿದ್ರೂ ನಾ ಬೈಯಂಗಿಲ್ಲ. ಡ್ರಿಬಲ್ ಮಾಡಿ ತ್ರೀ ಹೊಡದ್ರ ಬಿದ್ರೂ ಹೊರಗ ಕುಂಡಸ್ತೀನಿ.

ಮೈಸೂರು ಪಾಯಿಂಟ್ ಗಾರ್ಡ್:

ಮೂರೂ ಜನಕ್ಕೂ ತುಂಬಾ ಥ್ಯಾಂಕ್ಸ್, ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಮೇಡಂ ಹೇಳಿದ ನಿಯಮ ನಾಳೆಯಿಂದಲೇ ಹಾಕ್ತೀನಿ. ಈಗ ಇನ್ನೊಂದು ಪ್ರಶ್ನೆ. ನಮ್ಮ ಹುಡುಗ್ರ ಪರ್ಸೆಂಟೇಜ್ ಎಷ್ಟು ಅಂತ ಗೊತ್ತಾಗೋದು ಹೆಂಗೆ? ಹಳೇ ಸ್ಕೋರ್‌ಶೀಟ್ ತೆಗೆದು ಕೂತ್ರೆ ಅದರಲ್ಲಿ ಬಿದ್ದ ಬಾಸ್ಕೆಟ್ ಮಾತ್ರ ಇದೆ, ತ್ರೀ ಬಿದ್ರೆ ನಂಬರ್ ಸುತ್ತ ರೌಂಡ್ ಹಾಕಿರ್ತಾರೆ ಅಷ್ಟೇ, ಮಿಸ್ ಆಗಿದ್ದು ಎಲ್ಲೂ ಬರ್ದಿಲ್ಲ. ಹಂಗಾಗಿ ಎಂಟಕ್ಕೆ ಎರಡು ಹಾಕಿದವನೂ ಮೂರಕ್ಕೆ ಎರಡು ಹಾಕಿದವನೂ ಶೀಟಲ್ಲಿ ಒಂದೇ. ಇನ್ನೊಂದು, ನಮ್ಮಲ್ಲಿ 3x3 (ಮೂರು ಮೂರು ಜನ ಆಡೋ) ಟೂರ್ನಮೆಂಟ್‌ಗಳೂ ಜಾಸ್ತಿ ಆಗಿವೆ, ಅಲ್ಲಿಗೂ ಇದೇ ಲೆಕ್ಕನಾ?

ಲೆಕ್ಕದ ಬಾಲ್:

ಸ್ಕೋರ್‌ಶೀಟ್ ವಿಷಯ ಬಹಳ ಮುಖ್ಯವಾದ್ದನ್ನೇ ಹಿಡಿದ್ರಿ. ತ್ರೀ ಹೊಡಿಯೋ ಹುಡುಗ ತನಗೆ ಬಿದ್ದಿದ್ದು ಮಾತ್ರ ನೆನಪಿಟ್ಕೋತಾನೆ, ಶೀಟೂ ಅದನ್ನೇ ಹೇಳುತ್ತೆ. ಸುಲಭದ ದಾರಿ ಅಂದ್ರೆ ಒಂದು ಹಾಳೇಲಿ ಅರ್ಧ ಕೋರ್ಟ್ ಚಿತ್ರ ಬರ್ದು ಬೆಂಚಲ್ಲಿ ಕೂತಿರೋ ಹುಡುಗನ ಕೈಗೆ ಕೊಡಿ, ಪ್ರತೀ ಶಾಟಿಗೂ ಆ ಜಾಗದಲ್ಲಿ ಹೊಡೆದವನ ಜರ್ಸಿ ನಂಬರ್ ಬರೀಲಿ, ಬಿದ್ರೆ ಸುತ್ತ ರೌಂಡು, ಮಿಸ್ ಆದ್ರೆ ಮೇಲೆ ಗೀಟು. ಪ್ರಾಕ್ಟೀಸಲ್ಲಿ ಖಾಲಿ ಕೋರ್ಟಲ್ಲಿ ಹೊಡೆದಿದ್ದು ಲೆಕ್ಕಕ್ಕೆ ಬೇಡ, ಮ್ಯಾಚು, ಇಲ್ಲಾಂದ್ರೆ ಐದೈದು ಜನ ಆಡೋ ಸ್ಕ್ರಿಮೇಜ್ ಮಾತ್ರ. ಒಂದೆರಡು ಮ್ಯಾಚ್ ನೋಡಿ ತೀರ್ಮಾನ ಮಾಡ್ಬೇಡಿ, ಒಬ್ಬನ ನಿಜವಾದ ಪರ್ಸೆಂಟೇಜ್ ಕಾಣೋಕೆ ಬಹಳ ಶಾಟ್ ಬೇಕು. ಆಮೇಲೆ ಬಿದ್ದ ತ್ರೀನ ಒಂದೂವರೆ ಅಂತ ಎಣಿಸಿ, ಬಿದ್ದ ಟೂ ಒಂದು ಅಂತ ಎಣಿಸಿ, ಒಟ್ಟು ಶಾಟಿಂದ ಭಾಗಿಸಿ. ಎಫೆಕ್ಟಿವ್ ಫೀಲ್ಡ್ ಗೋಲ್ ಅಂತ ಅನ್ನೋದು ಇದನ್ನೇ, ಇದೊಂದು ಸಾಕು.

3x3 ಲೆಕ್ಕ ಪೂರ್ತಿ ಬೇರೆ ಸರ್. ಅಲ್ಲಿ ಒಳಗೆ ಹಾಕಿದ್ರೆ ಒಂದು, ಆರ್ಕ್ ಹೊರಗಿಂದ ಹಾಕಿದ್ರೆ ಎರಡು, ಅಂದ್ರೆ ಹೊರಗಿನ ಶಾಟಿಗೆ ಒಂದೂವರೆ ಪಟ್ಟಲ್ಲ, ಡಬಲ್. ಹೊರಗಿಂದ ನಾಲ್ಕಕ್ಕೆ ಒಂದು ಹಾಕೋನಿಗೆ 0.5, ಅದಕ್ಕೆ ಸಮ ಆಗ್ಬೇಕಾದ್ರೆ ಮಿಡ್‌ರೇಂಜಲ್ಲಿ ಎರಡಕ್ಕೆ ಒಂದು ಹಾಕ್ಬೇಕು. ಆರ್ಕು ಅದೇ 6.75 ಮೀಟರು, ಶಾಟ್ ಕ್ಲಾಕ್ 12 ಸೆಕೆಂಡು, 21 ಪಾಯಿಂಟಿಗೆ ಆಟ ಮುಗಿಯುತ್ತೆ. ಅಲ್ಲಿ ಐದಕ್ಕೆ ಒಂದು ಹಾಕೋ ಹುಡುಗನೂ ಹೊರಗಿಂದ ಹೊಡಿಯೋದ್ರಲ್ಲಿ ಅರ್ಥ ಇದೆ. 3x3 ಆಡ್ಕೊಂಡು ಬಂದು ಅದೇ ಅಭ್ಯಾಸದಲ್ಲಿ ಐದು ಜನದ ಆಟಕ್ಕೆ ಇಳಿದ್ರೆ ಮಾತ್ರ ಕಷ್ಟ, ಎರಡಕ್ಕೂ ಬೇರೆ ಬೇರೆ ಪ್ಲಾನ್ ಇರ್ಬೇಕು.

ಎಲ್ಬೋ ಜಂಪರ್:

ನನ್ನದೊಂದು ಕೊನೇ ಮಾತು, ಪಾಯಿಂಟ್ ಲೆಕ್ಕಕ್ಕೆ ಸಂಬಂಧ ಇಲ್ಲದ್ದು. ನಾವು ಆಡೋ ಎಫ್‌ಐಬಿಎ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಲೈನು 2010ರಿಂದ 6.75 ಮೀಟರು, ಎನ್‌ಬಿಎ ಕಾರ್ನರ್ ತ್ರೀ ದೂರಕ್ಕಿಂತ ಕೂದಲೆಳೆಯಷ್ಟು ಜಾಸ್ತಿನೇ. 14 ವರ್ಷದ ಹುಡುಗ ಏಳನೇ ನಂಬರ್ ಬಾಲ್ ಹಿಡ್ಕೊಂಡು ಅಲ್ಲಿಂದ ಎಸೀಬೇಕಾದ್ರೆ ಸೊಂಟದಿಂದ ಎತ್ತಿ, ಎರಡೂ ಕೈಯಲ್ಲಿ ತಳ್ಳಿ, ಮೈ ತಿರುಗಿಸಿ ಎಸೀತಾನೆ, ಬಲ ಸಾಲಲ್ಲ. ಆ ಅಭ್ಯಾಸ ಒಂದ್ಸಲ ಕೂತ್ರೆ ಬಿಡಿಸೋದು ಎಷ್ಟು ಕಷ್ಟ ಅಂತ ಗೊತ್ತಾಗ್ಬೇಕಾದ್ರೆ ಹುಡುಗ್ರಿಗೆ ಅವರ ದೇವರ ಕಥೆನೇ ಹೇಳಿ. ಸ್ಟೆಫ್ ಕರಿ ಹೈಸ್ಕೂಲಲ್ಲಿ ಹಿಂಗೇ ಸೊಂಟದ ಹತ್ರದಿಂದ ಎಸೀತಿದ್ದ, ಸಣ್ಣ ಮೈಯಿ. ಅವರಪ್ಪ ಡೆಲ್ ಕರಿನೂ ಎನ್‌ಬಿಎ ಶೂಟರ್ ಆಗಿದ್ದವ್ರು, ಒಂದು ಬೇಸಿಗೆ ಪೂರ್ತಿ ಕೂತು ಮಗನ ಶಾಟನ್ನ ಬಿಚ್ಚಿ ಹೊಸದಾಗಿ ಕಟ್ಟಿದ್ರು, ಬಾಲ್ ತಲೆ ಮೇಲಿಂದ ಬಿಡೋ ಹಂಗೆ. ಆ ಬೇಸಿಗೇಲಿ ವಾರಗಟ್ಲೆ ಪೇಂಟ್ ಹೊರಗಿಂದ ಒಂದು ಶಾಟೂ ಹಾಕೋಕೆ ಆಗ್ತಿರ್ಲಿಲ್ಲ ಆ ಹುಡುಗನಿಗೆ. 2015-16ರಲ್ಲಿ ಒಂದೇ ಸೀಸನ್ನಿಗೆ 402 ತ್ರೀ ಹಾಕಿದ ಮನುಷ್ಯ ಕಲಿತಿದ್ದು ರಿಂಗ್ ಹತ್ರದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದು.

ನಿಮ್ಮ ಹುಡುಗ್ರಿಗೂ ಹಂಗೇ ಮಾಡ್ಸಿ. ರಿಂಗ್ ಎದುರಿಗೆ ಒಂದು ಕೈಯಿಂದ, ಆಮೇಲೆ ಬ್ಲಾಕ್ (ಪೇಂಟ್ ಪಕ್ಕದ ಗುರುತು) ಹತ್ರ ಬೋರ್ಡಿಗೆ ಹೊಡೆದು ಬ್ಯಾಂಕ್ ಶಾಟು, ಆಮೇಲೆ ಫ್ರೀ ಥ್ರೋ ಲೈನು, ಎಲ್ಬೋ. ಕೈ ಬದಲಾಗ್ದೇ, ಹಾರೋದು ಬದಲಾಗ್ದೇ ಅಲ್ಲಿಂದ ಬೀಳ್ತಿದೆ ಅಂದ್ರೆ ಇನ್ನೊಂದು ಹೆಜ್ಜೆ ಹಿಂದೆ. ಆರ್ಕ್ ತಲುಪಿದಾಗ ಯಾರನ್ನೂ ತಡೀಬೇಡಿ, ನಿಮ್ಮ ಹಿರಿಯ ಕೋಚ್ ಸರ್‌ಗೂ ಕಾಲೇಜು ತನಕ ಕಾಯೋದು ಬೇಡ ಅಂತ ಹೇಳಿ. ಇಬ್ಬರೋ ಮೂವರೋ ಈ ವರ್ಷವೇ ತಲುಪ್ತಾರೆ, ಅವರು ಮ್ಯಾಚಲ್ಲಿ ಹೊಡೀಲಿ.

ಧಾರವಾಡ ಹೂಪ್ಸ್:

ಎಲ್ಬೋ ಸರ್ ಹೇಳಿದ್ದು ಖರೇ ಐತ್ರಿ. ಹುಡುಗ್ಯಾರಿಗೆ ಆರನೇ ನಂಬರ್ ಬಾಲ್ ಇದ್ರೂ ಲೈನ್ ಅಷ್ಟ ದೂರನ ಇರ್ತೈತಿ, ನಾನೂ ಕೋರ್ಟ್ ಮ್ಯಾಲೆ ಚಾಕ್‌ಲೆ ಒಳಗಿನ್ನೊಂದು ಆರ್ಕ್ ಎಳದು ಪ್ರಾಕ್ಟೀಸ್‌ನಾಗ ಅಲ್ಲಿಂದ ಬಿದ್ರೂ ಮೂರ ಪಾಯಿಂಟ್ ಕೊಡ್ತೀನ್ರಿ. ತ್ರೀ ಹೊಡದ ಖುಷಿನೂ ಸಿಗತೈತಿ, ಕೈನೂ ಕೆಡಂಗಿಲ್ಲ. ಮೈಸೂರು ಸರ್, ಜಿಲ್ಲಾ ಟೂರ್ನಮೆಂಟ್ ಮುಗದ ಮ್ಯಾಲೆ ಆ ಶಾಟ್ ಚಾರ್ಟ್ ಇಲ್ಲೇ ಹಾಕ್ರಿ, ನಮ್ಮ ಹುಡುಗ್ಯಾರದೂ ಹಾಕ್ತೀನಿ, ಕೂಡಿ ನೋಡೋಣ.